ಸಾಸಿವೆಯಷ್ಟು ಚಿಪ್‌ಗಾಗಿ ಕಾದ ಕಾಲ

ಕೊರೋನಾದ ಎರಡನೆಯ ಅಲೆ ಇಳಿದ ಮೇಲೆ ನನಗೆ ಕೋಲ್ಕತ್ತಕ್ಕೆ ವರ್ಗವಾಯಿತು. ಗಂಡ ರೈಲ್ವೆಯವರು, ನನಗಿಂತ ಮೊದಲೇ ಬಂದು ಕಸ್ಬಾದಲ್ಲಿ ಮನೆ ಹಿಡಿದಿದ್ದರು. ಧಾರವಾಡದಿಂದ ಅತ್ತೆಯನ್ನೂ ಕರೆದುಕೊಂಡು ನಾನು ಬಂದೆ. ನನ್ನ ಕಚೇರಿ ಬಿಬಿಡಿ ಬಾಗ್‌ನಲ್ಲಿ, ಲಾಲ್‌ದಿಘಿ ಕೆರೆಯ ಹತ್ತಿರದ ಒಂದು ಹಳೆಯ ಕಟ್ಟಡ. ಗೋಡೆಗಳು ಆಳೆತ್ತರದ ಕಿಟಕಿಗಳನ್ನು ಹೊತ್ತುಕೊಂಡು ನಿಂತಿವೆ; ತೊಲೆಗಳ ಮೇಲೆ ಪಾರಿವಾಳಗಳ ಸಂಸಾರ. ಸಾರ್ವಜನಿಕ ವಲಯದ ಒಂದು ಸಂಸ್ಥೆಯ ನಿವೃತ್ತ ಕಾರ್ಮಿಕರಿಗೆ ಆಸ್ಪತ್ರೆ ಚಿಕಿತ್ಸೆಯ ಮಂಜೂರಾತಿ ಕೊಡುವುದು ಅಲ್ಲಿನ ಮುಖ್ಯ ಕೆಲಸ. ನಾನು ಖರೀದಿ ವಿಭಾಗದಲ್ಲಿ ಅಧಿಕಾರಿ. ಅಲ್ಲಿಯವರೆಗೆ ನಾನು ಕೊಂಡದ್ದೆಲ್ಲ ಕುರ್ಚಿ, ಕಾಗದ, ಪ್ರಿಂಟರ್ ಶಾಯಿ, ಫ್ಯಾನು. ಇಲ್ಲಿ ಕಾಲಿಟ್ಟ ಕೂಡಲೇ ಮೇಲಧಿಕಾರಿ ಹೇಳಿದರು, ಇಡೀ ಕಟ್ಟಡದ ನೆಟ್‌ವರ್ಕ್ ಉಪಕರಣಗಳನ್ನು ಬದಲಾಯಿಸಬೇಕು, ಸ್ವಿಚ್ಚುಗಳಿಗೆ ಟೆಂಡರ್ ಕರೆಯಿರಿ.

ಆ ಸಂಜೆ ಮನೆಯಲ್ಲಿ ಅತ್ತೆ ಕೇಳಿದರು, "ಸ್ವಿಚ್ಚಂದ್ರ ಲೈಟ್ ಹಚ್ಚೂದಲ್ಲೇನವಾ? ಅದನ್ನ ತಗೋಳಾಕ ಇಷ್ಟು ದೊಡ್ಡ ಆಫೀಸರ್ ಯಾಕ ಬೇಕು?"

"ಅದಲ್ರೀ ಅತ್ತಿ. ಇದು ಒಂಥರಾ ಪೋಸ್ಟ್ ಆಫೀಸು. ಒಂದು ಕಂಪ್ಯೂಟರಿನಿಂದ ಬಂದಿದ್ದನ್ನ ನೋಡಿ, ಯಾರಿಗೆ ಹೋಗಬೇಕೋ ಅವರಿಗಷ್ಟ ಕಳಸೂ ಪೆಟಿಗಿ."

"ಹಂಗಾರ ಪೆಟಿಗಿ ಅನ್ನು," ಎಂದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅದು ಪೆಟಿಗಿಯೇ ಆಯಿತು.

ಕಚೇರಿಯಲ್ಲಿ ನನಗೆ ಈ ವಿದ್ಯೆಯ ಗಂಧ ಹಚ್ಚಿದವರು ನಮ್ಮ ಹಿರಿಯ ನೆಟ್‌ವರ್ಕ್ ಎಂಜಿನಿಯರ್. ಬಂಗಾಳಿ ಹೆಂಗಸು, ನಿವೃತ್ತಿಗೆ ಹತ್ತಿರವಿದ್ದವರು. ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಮ್ಮ ಮಾತು ಹಿಂದಿಯಲ್ಲಿ ಶುರುವಾಗಿ, ಅವರ ಬಂಗಾಳಿಗೂ ನನ್ನ ಇಂಗ್ಲಿಷಿಗೂ ಡಿಕ್ಕಿ ಹೊಡೆಯುತ್ತ ಸಾಗುತ್ತಿತ್ತು. ಕಟ್ಟಡದಲ್ಲಿ ಮೊಟ್ಟಮೊದಲ ಕೇಬಲ್ ಎಳೆಸಿದವರೇ ಅವರು. ಯಾವ ಗೋಡೆಯ ಹಿಂದೆ ಯಾವ ತಂತಿ ಓಡುತ್ತದೆ ಎಂದು ಗೋಡೆ ತಟ್ಟಿ ತೋರಿಸುತ್ತಿದ್ದರು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಹಳೆಯ ಮುಖ್ಯ ಸ್ವಿಚ್ ಇತ್ತು. ಕಟ್ಟಡದ ಎಲ್ಲ ಮಾತೂ ಅದರ ಮೂಲಕವೇ ಹಾದುಹೋಗಬೇಕು. "ಮುದುಕ," ಎಂದು ಅದರ ಬೆನ್ನು ಸವರಿದರು ದೀದಿ. "ಕಂಪನಿ ಇದಕ್ಕೆ ಬಿಡಿಭಾಗ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಇವನು ಮಾತ್ರ ನಿಲ್ಲಿಸಿಲ್ಲ."

ಟೆಂಡರ್ ಆಯಿತು, ಒಂದು ಸರಬರಾಜು ಕಂಪನಿಗೆ ಆರ್ಡರ್ ಹೋಯಿತು. ಕಂಪನಿಯ ಪ್ರತಿನಿಧಿ ನಡುವಯಸ್ಸಿನ ಹಸನ್ಮುಖಿ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಹೆಲ್ಮೆಟ್. "ಪೂಜೋಗೆ ಮುಂಚೆ ನಿಮ್ಮ ಬಾಗಿಲಲ್ಲಿ ಇಳಿಸುತ್ತೇನೆ ಮೇಡಂ," ಎಂದರು. ಕೋಲ್ಕತ್ತದಲ್ಲಿ ಪೂಜೋ ಅಂದರೆ ದುರ್ಗಾಪೂಜೆ. ಇಲ್ಲಿ ವರ್ಷ ಅದರ ಹಿಂದು ಮುಂದು ಎಂದೇ ಎರಡು ಭಾಗ. ಪೂಜೋ ಬಂತು, ಪೆಂಡಾಲುಗಳ ದೀಪ ಹತ್ತಿತು, ಆರಿತು. ಕಾಳಿಪೂಜೆಯ ಪಟಾಕಿ ಮುಗಿಯಿತು. ಪೆಟ್ಟಿಗೆ ಬರಲಿಲ್ಲ. ಪ್ರತಿನಿಧಿ ಮಾತ್ರ ಬಂದರು, ಕೈಯಲ್ಲಿ ಸಂದೇಶ್ ಮಿಠಾಯಿಯ ಡಬ್ಬಿ.

"ಮಿಠಾಯಿ ಬೇಡ, ಸ್ವಿಚ್ ಕೊಡಿ," ಎಂದೆ.

ಅವರು ಕುರ್ಚಿಯ ತುದಿಯಲ್ಲಿ ಕುಳಿತರು. "ಮೇಡಂ, ನಿಮ್ಮ ಸ್ವಿಚ್ಚಿನ ಕವಚ ತಯಾರಾಗಿದೆ. ಫ್ಯಾನ್ ತಯಾರಾಗಿದೆ. ದೊಡ್ಡ ಚಿಪ್ಪೂ ಸಿಕ್ಕಿದೆ. ಅದಕ್ಕೆ ವಿದ್ಯುತ್ತನ್ನು ಹದ ಮಾಡಿ ಕೊಡುವ ಒಂದು ಸಣ್ಣ ಚಿಪ್ ಇದೆ, ಸಾಸಿವೆಕಾಳಿನಷ್ಟು. ಅದು ಸಿಕ್ಕಿಲ್ಲ."

"ಅದೊಂದೇ?"

"ಅದೊಂದೇ. ಅದಕ್ಕಾಗಿ ಪ್ರಪಂಚವೆಲ್ಲ ಸಾಲಿನಲ್ಲಿ ನಿಂತಿದೆ. ಕಾರು ಮಾಡುವವರೂ ಅದೇ ಸಾಲು, ವಾಷಿಂಗ್ ಮಷಿನ್ ಮಾಡುವವರೂ ಅದೇ ಸಾಲು. ನಾವು ಎಲ್ಲೋ ಹಿಂದೆ ಇದ್ದೇವೆ."

ನಾನು ಆತ ನೆಪ ಹೇಳುತ್ತಿದ್ದಾನೆ ಎಂದುಕೊಂಡೆ. ಮರುದಿನ ಕಾಳಿಘಾಟ್ ಮೆಟ್ರೊ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ಮೊಬೈಲಿನಲ್ಲಿ ಹುಡುಕಿ ಓದಲು ತೊಡಗಿದೆ. ಮಾತು ನಿಜವಾಗಿತ್ತು. ಜನ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕುಳಿತಾಗ ಜಗತ್ತಿನ ಎಲ್ಲ ಕೆಲಸ, ಪಾಠ, ಮದುವೆ, ಸಾವಿನ ಸುದ್ದಿ ತಂತಿಗಳ ಮೇಲೆ ಬಂದು ಬಿದ್ದಿತ್ತು. ಎಲ್ಲರಿಗೂ ಒಮ್ಮೆಲೇ ಉಪಕರಣ ಬೇಕಾಗಿತ್ತು. ಅದೇ ಹೊತ್ತಿಗೆ ಕಾರ್ಖಾನೆಗಳು ಮುಚ್ಚಿದ್ದವು, ಹಡಗುಗಳು ಬಂದರಿನ ಹೊರಗೆ ಲಂಗರು ಹಾಕಿ ನಿಂತಿದ್ದವು. ಪಕ್ಕದಲ್ಲಿ ದಾಸವಾಳದ ಹಾರ ಕೈಯಲ್ಲಿ ಹಿಡಿದ ಯಾತ್ರಿಕರು ಗುಡಿಗೆ ಯಾವ ಗೇಟು ಎಂದು ಕೇಳುತ್ತಿದ್ದರು. ನಾನು ತೈವಾನಿನ ಬರಗಾಲದ ಸುದ್ದಿ ಓದುತ್ತಿದ್ದೆ. ಚಿಪ್ ತೊಳೆಯಲು ಅಷ್ಟೊಂದು ನೀರು ಬೇಕಂತೆ. ಮಳೆ ತಪ್ಪಿದ್ದರಿಂದ ಅಲ್ಲಿನ ಚಿಪ್ ಕಾರ್ಖಾನೆಗಳಿಗೆ ಟ್ಯಾಂಕರುಗಳಲ್ಲಿ ನೀರು ಹೊತ್ತಿದ್ದರಂತೆ. ನಮ್ಮ ಮೆಟ್ಟಿಲ ಕೆಳಗಿನ ಕೋಣೆಗೂ ಆ ದ್ವೀಪದ ಮೋಡಕ್ಕೂ ನಂಟಿದೆ ಎಂದು ಹೊಳೆದಾಗ ನನಗೆ ನಿಂತ ನೆಲವೇ ಸ್ವಲ್ಪ ಹಿಗ್ಗಿದಂತಾಯಿತು. ನನ್ನ ರೈಲು ಬಂದು ಹೋದದ್ದು ತಿಳಿಯಲಿಲ್ಲ.

ಮೊದಲೆಲ್ಲ ನನ್ನ ಪಾಲಿಗೆ ಮಾರುಕಟ್ಟೆ ಅಂದರೆ ದರಪಟ್ಟಿ. ಈಗ ಅದು ಬೇರೆಯದೇ ಆಗಿ ಕಾಣತೊಡಗಿತು. ಒಂದು ಪೆಟ್ಟಿಗೆಯ ನಕ್ಷೆ ಒಂದು ದೇಶದಲ್ಲಿ, ಅದರ ಚಿಪ್ ಇನ್ನೊಂದರಲ್ಲಿ, ಪರೀಕ್ಷೆ ಮಲೇಷ್ಯಾದಲ್ಲಿ, ಜೋಡಣೆ ವಿಯೆಟ್ನಾಮಿನಲ್ಲೋ ಮೆಕ್ಸಿಕೊದಲ್ಲೋ. ಸರ್ಕಾರದ ನಿಯಮದಂತೆ ಇದು ಯಾವ ದೇಶದ ಸರಕು ಎಂದು ಬರೆಸಿಕೊಳ್ಳುವಾಗ ಇದಕ್ಕೆ ದೇಶ ಎಲ್ಲಿದೆ ಎಂದು ನಗು ಬರುತ್ತಿತ್ತು.

ಅತ್ತೆ ದಿನವೂ ಚಹಾದ ಜೊತೆ ಕೇಳುವರು, "ಬಂದ್ವೇನವಾ ನಿನ್ನ ಪೆಟಿಗಿ?"

"ಇನ್ನೂ ಇಲ್ರೀ."

"ಈಗೆಲ್ಲಿ ಕುಂತಾವ?"

"ಜಪಾನದಾಗ ಒಂದು ಕಾರ್ಖಾನಿಗೆ ಬೆಂಕಿ ಬಿದ್ದಿತ್ತಂತ. ಅದರ ಕೆಲಸ ಬ್ಯಾರೆ ಕಾರ್ಖಾನಿಗೆ ಹೋಗಿ, ಅಲ್ಲಿಯೂ ಪಾಳಿ ಹತ್ತೇತಿ."

"ಅಯ್ಯ ಶಿವನ!" ಎಂದು ಅತ್ತೆ ಕಪ್ಪು ಕೆಳಗಿಡುತ್ತಿದ್ದರು. "ಬೆಂಕಿ ಅಲ್ಲಿ, ಕಾಯೂದು ಇಲ್ಲಿ. ಮಂದಿಗೇನರ ಆತೇನ?" ಸರಕಿನ ಚಿಂತೆಯಲ್ಲಿ ನಾನು ಆ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ. ಹುಡುಕಿ ನೋಡಿ, ಯಾರಿಗೂ ಏನೂ ಆಗಿಲ್ಲವಂತೆ ಎಂದು ಹೇಳಿದ ಮೇಲೆ ಅವರು ಚಹಾ ಮುಗಿಸಿದರು.

ಹೀಗೆ ವರ್ಷ ತಿರುಗಿ ಮತ್ತೆ ಮಳೆಗಾಲ ಬಂತು. ಜುಲೈನ ಒಂದು ಬೆಳಿಗ್ಗೆ ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಬಿಬಿಡಿ ಬಾಗ್‌ನ ರಸ್ತೆಯಲ್ಲಿ ಮೊಣಕಾಲುದ್ದ ನೀರು, ಬಸ್ಸುಗಳು ದೋಣಿಗಳ ಹಾಗೆ ಅಲೆ ಎಬ್ಬಿಸುತ್ತಿದ್ದವು. ಚಪ್ಪಲಿ ಕೈಯಲ್ಲಿ ಹಿಡಿದು ಕಚೇರಿ ಮುಟ್ಟಿದರೆ ಒಳಗೆ ವಿಚಿತ್ರ ಮೌನ. ಯಾರ ಕಂಪ್ಯೂಟರೂ ಕೆಲಸ ಮಾಡುತ್ತಿರಲಿಲ್ಲ. ಮೆಟ್ಟಿಲ ಸಂದಿಯಿಂದ ನೀರು ಜಿನುಗಿ, ಹಳೆಯ ಮುಖ್ಯ ಸ್ವಿಚ್ಚಿನ ತಲೆಯ ಮೇಲೆ ಸುರಿದಿತ್ತು. ದೀದಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಸುಟ್ಟ ವಾಸನೆ.

"ಗ್ಯಾಛೇ," ಎಂದರು. ಹೋಯಿತು.

ಅಷ್ಟರಲ್ಲಿ ಫೋನುಗಳು ಶುರುವಾದವು. ಅಸನ್ಸೋಲಿನ ಒಂದು ಆಸ್ಪತ್ರೆಯಲ್ಲಿ ನಿವೃತ್ತ ಫಿಟ್ಟರ್ ಒಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ನಮ್ಮ ಮಂಜೂರಾತಿಗೆ ಕಾಯುತ್ತಿದ್ದರು. ಅವರ ಮಗಳು ಮಾತಾಡುತ್ತಿದ್ದಳು. "ಎಲ್ಲ ಕಾಗದ ಕಳಿಸಿದ್ದೇವೆ ಮೇಡಂ. ನೀವು ಒಪ್ಪಿಗೆ ಎಂದು ಒತ್ತಿದರೆ ಸಾಕಂತೆ. ಒತ್ತಿಬಿಡಿ." ಒತ್ತಿದರೆ ಅದು ಹೋಗುವ ದಾರಿಯೇ ಇಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಮೇಲಧಿಕಾರಿಗೆ ಹೇಳಿ, ಆಸ್ಪತ್ರೆಗೆ ಫೋನಿನಲ್ಲೇ ಭರವಸೆ ಕೊಡಿಸಿದೆವು. ಆಸ್ಪತ್ರೆಯವರು ವಿನಯದಿಂದಲೇ, ಮಂಜೂರಾತಿ ಕಂಪ್ಯೂಟರಿನಲ್ಲಿ ಕಾಣಿಸಲಿ ಎಂದರು.

ಮೆಟ್ಟಿಲ ಕೋಣೆಗೆ ಓಡಿದೆ. "ಹೊಸದು ಎಲ್ಲಿಯೂ ಇಲ್ಲವೇ?" ಎಂದು ಕೇಳಿದೆ.

"ಹೊಸದು ಈ ದೇಶದಲ್ಲಿ ಯಾರ ಹತ್ತಿರವೂ ಇಲ್ಲ," ಎಂದರು ದೀದಿ. "ಹಳೆಯದನ್ನು ಹುಡುಕೋಣ."

ಪ್ರತಿನಿಧಿಗೆ ಫೋನ್ ಮಾಡಿದೆ. ಆ ನೀರಿನಲ್ಲೂ ಆತ ಕಾರು ತಂದರು. ಹೊಸ ಸರಕು ಬರುವವರೆಗೆ ತಮ್ಮ ಕಂಪನಿಯ ಕಡೆಯಿಂದ ಬದಲಿ ಯಂತ್ರ ಕೊಡುವುದಾಗಿ ಒಪ್ಪಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದರೆ "ಕಸ್ಬಾ" ಎಂದರು. ನಮ್ಮ ಮನೆ ಇರುವುದೇ ಅಲ್ಲಿ; ನಾನು ನಕ್ಕೆ. ಕಾರು ನಿಜವಾಗಿಯೂ ನಾನು ವಾರವಾರ ತರಕಾರಿಗೆ ಹೋಗುವ ರಸ್ತೆಯಲ್ಲೇ ತಿರುಗಿ, ಮಾಲ್ ದಾಟಿ, ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನ ಮುಂದೆ ನಿಂತಿತು.

ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ನೆಲದಿಂದ ಸೂರಿನವರೆಗೆ ಕಬ್ಬಿಣದ ಹಲಗೆಗಳು. ಹಲಗೆಗಳ ತುಂಬ ಸ್ವಿಚ್ಚುಗಳು, ರೌಟರುಗಳು. ಬೂದು, ಕಪ್ಪು, ಕಡುನೀಲಿ. ಮುಚ್ಚಿದ ಕಾಲ್ ಸೆಂಟರುಗಳಿಂದ, ಬ್ಯಾಂಕುಗಳಿಂದ, ಸರ್ಕಾರದ ಅನುಮತಿ ಪಡೆದು ಬೇರೆ ದೇಶಗಳಿಂದ ತರಿಸಿದ ಯಂತ್ರಗಳು. ಉದ್ದನೆಯ ಮೇಜಿನ ಎರಡೂ ಬದಿ ಹೆಂಗಸರು ಕುಳಿತು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದರು. ಶೆಡ್ಡಿನ ಒಡತಿ ಐವತ್ತರ ಆಸುಪಾಸಿನ ಮಾರ್ವಾಡಿ ಹೆಂಗಸು, ನಮಗೆ ಮೊದಲು ಒಣ ಟವೆಲ್ ಕೊಟ್ಟರು, ಆಮೇಲೆ ಮಣ್ಣಿನ ಕುಡಿಕೆಯಲ್ಲಿ ಚಹಾ.

"ಹಿಂದೆ ಇವನ್ನು ತೂಕಕ್ಕೆ ಹಾಕುತ್ತಿದ್ದೆವು," ಎಂದರು ಆಕೆ. "ಈಗ ಫೋನ್ ನಿಲ್ಲುವುದಿಲ್ಲ. ಹೊಸದು ಸಿಗದೆ ಲೋಕವೆಲ್ಲ ಹಳೆಯದರ ಹಿಂದೆ ಬಿದ್ದಿದೆ. ಮೊನ್ನೆ ಒಂದಷ್ಟು ಯಂತ್ರ ಜರ್ಮನಿಗೆ ಹೋದವು. ಅವು ಜರ್ಮನಿಯಿಂದಲೇ ಬಂದಿದ್ದವು! ಅವರು ಬಿಸಾಕಿದ್ದನ್ನು ನಾವು ಒರೆಸಿ ಅವರಿಗೇ ಕಳಿಸಿದೆವು."

ದೀದಿ ಹಲಗೆಗಳ ನಡುವೆ ಬೆರಳಾಡಿಸುತ್ತ ಹೋಗಿ ಒಂದರ ಮುಂದೆ ನಿಂತರು. ನಮ್ಮ ಸುಟ್ಟ ಯಂತ್ರಕ್ಕಿಂತ ಒಂದು ತಲೆಮಾರು ಹೊಸದು. ಮೇಜಿನ ಮೇಲಿಟ್ಟು, ತಮ್ಮ ಲ್ಯಾಪ್‌ಟಾಪ್ ಜೋಡಿಸಿ, ಅದನ್ನು ಎಬ್ಬಿಸಿದರು. ಸಾಮಾನ್ಯವಾಗಿ ಇಂಥ ಯಂತ್ರಗಳ ನೆನಪನ್ನು ಅಳಿಸಿಯೇ ಇಡುತ್ತಾರೆ. ಇದು ಇನ್ನೂ ಆ ಸರದಿಗೆ ಬಂದಿರಲಿಲ್ಲ. ಪರದೆಯ ಮೇಲೆ ಸಾಲುಸಾಲು ಹೆಸರು ಮೂಡಿದವು. ಯಂತ್ರದ ಪ್ರತಿ ಕಿಂಡಿಗೆ ಯಾವ ಕೋಣೆಯ ತಂತಿ ಸೇರಿತ್ತೋ ಆ ಕೋಣೆಯ ಹೆಸರು.

"ಇದ್ಯಾವ ಭಾಷೆ?" ಎಂದೆ.

ದೀದಿ ಮೊಬೈಲಿನಲ್ಲಿ ನೋಡಿದರು. "ಸ್ಪ್ಯಾನಿಷ್." ಒಂದೊಂದನ್ನೇ ತಿರುಗಿಸಿ ಓದಿದರು. "ಶಸ್ತ್ರಚಿಕಿತ್ಸಾ ಕೋಣೆ. ಔಷಧಿ ಉಗ್ರಾಣ. ಮೆಟರ್ನಿಡಾಡ್... ಇದು ಹೆರಿಗೆ ವಾರ್ಡು. ಇದರ ಪಕ್ಕದ್ದು ಹೊಸದಾಗಿ ಹುಟ್ಟಿದ ಮಕ್ಕಳದ್ದು."

ಎಲ್ಲೋ ಸಮುದ್ರದಾಚೆಯ ಊರೊಂದರ ಆಸ್ಪತ್ರೆ. ಅಲ್ಲಿ ಹುಟ್ಟಿದ ಮಕ್ಕಳ ತೂಕ, ತಾಯಂದಿರ ರಕ್ತದ ಗುಂಪು, ವೈದ್ಯರ ಅವಸರದ ಕರೆ, ಎಲ್ಲ ಈ ಪೆಟ್ಟಿಗೆಯೊಳಗೆ ಹಾದುಹೋಗಿದ್ದವು. ಮಾತುಗಳು ಉಳಿದಿರಲಿಲ್ಲ, ಹಾದುಹೋದ ಬಾಗಿಲುಗಳ ಹೆಸರು ಮಾತ್ರ ಉಳಿದಿತ್ತು. ಬ್ರಷ್ ಹಿಡಿದಿದ್ದ ಹೆಂಗಸರೂ ಎದ್ದು ಬಂದು ನಮ್ಮ ಹಿಂದೆ ನಿಂತು ನೋಡಿದರು. ಹೊರಗೆ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಆ ಊರು ಯಾವುದೆಂದು ಯಂತ್ರ ಹೇಳಲಿಲ್ಲ, ನಮಗೂ ಕೇಳಲು ಯಾರೂ ಇರಲಿಲ್ಲ.

ದೀದಿಯ ಬೆರಳು ಕೀಲಿಮಣೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. "ಅಳಿಸಲೇಬೇಕು," ಎಂದು ಯಾರಿಗೋ ಸಮಜಾಯಿಷಿ ಹೇಳುವಂತೆ ಹೇಳಿ ಒತ್ತಿದರು. ಹೆಸರುಗಳು ಹೋದವು. ಹೊಸ ತಂತ್ರಾಂಶ ತುಂಬಿ, ಪರೀಕ್ಷಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತರು. ಹಾದಿಯುದ್ದಕ್ಕೂ ಒಂದು ಕೈ ಅದರ ಮೇಲೇ ಇತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದು ಒಣಗಿಸಿದ ಇನ್ನೊಂದು ಕೋಣೆಯಲ್ಲಿ ಕುಳಿತು ಹಸಿರು ಕಣ್ಣು ಮಿಟುಕಿಸತೊಡಗಿತು. ಮಹಡಿಗಳಿಂದ ಹೋ ಎಂಬ ಕೂಗು ಕೇಳಿಸಿತು. ಮಂಜೂರಾತಿ ವಿಭಾಗದಲ್ಲಿ ನಾನು ಅಲ್ಲಿನ ಗುಮಾಸ್ತೆಯ ಹೆಗಲ ಹಿಂದೆಯೇ ನಿಂತಿದ್ದೆ. ಫಿಟ್ಟರ್ ಅವರ ಮಂಜೂರಾತಿ ಹೋಯಿತು. ಅಸನ್ಸೋಲಿನಿಂದ ಮಗಳು ಫೋನ್ ಮಾಡಿ, "ಕಾಣಿಸಿತು ಮೇಡಂ, ಕಾಣಿಸಿತು," ಎಂದಷ್ಟೇ ಹೇಳಿ ಇಟ್ಟಳು. ಮರುದಿನ ಶಸ್ತ್ರಚಿಕಿತ್ಸೆಯಾಯಿತು, ಅವರು ಚೇತರಿಸಿಕೊಂಡರು. ಆ ಯಾವುದೋ ಆಸ್ಪತ್ರೆಯ ಯಂತ್ರ ಮತ್ತೊಂದು ಆಸ್ಪತ್ರೆಯ ಕೆಲಸವನ್ನೇ ಮಾಡಿತಲ್ಲ ಎಂದು ನಾನು ದೀದಿಗೆ ಹೇಳಿದಾಗ ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕದ ಮೇಲೆ ನೀರಿನ ಕಲೆಗಳಿದ್ದವು, ನಿಜ.

ಆ ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಪೂಜೆ ಬಂತು. ನಾವು ಆಯುಧಪೂಜೆಗೆ ಮಾಡುವುದನ್ನೆಲ್ಲ ಇಲ್ಲಿನವರು ಆ ದಿನ ಮಾಡುತ್ತಾರೆ. ಆಟೋ, ಲೇತು, ಪ್ರಿಂಟರು ಎಲ್ಲಕ್ಕೂ ಚೆಂಡುಹೂವು. ಮನೆಯವರನ್ನೂ ಕರೆತರುವ ರೂಢಿ ಇದ್ದುದರಿಂದ ಅತ್ತೆಯನ್ನು ಕರೆದುಕೊಂಡು ಹೋದೆ. ಇಳಕಲ್ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ಯಂತ್ರದ ಕೋಣೆಯಲ್ಲಿ ಫ್ಯಾನುಗಳ ಸದ್ದು ಗುಂಯ್ಯೆನ್ನುತ್ತಿತ್ತು. ಅತ್ತೆ ಹಸಿರು ದೀಪಗಳನ್ನೇ ನೋಡುತ್ತ ನಿಂತರು.

"ಈ ದೀಪ ಮಿಣಮಿಣ ಅಂತಾವಲಾ, ಅದೇನು?"

"ಒಂದೊಂದೂ ಯಾರದೋ ಮಾತು ರೀ. ಈಗ ಹೊಂಟೇತಿ, ಈಗ ಬಂದೇತಿ."

"ಇಷ್ಟು ಮಂದಿ ಒಮ್ಮಿಗೇ ಮಾತಾಡಿದ್ರ ಒಬ್ಬರ ಮಾತಿಗೆ ಒಬ್ಬರದು ಬಡಿಯಂಗಿಲ್ಲೇನು?"

ನಾನು ಅದನ್ನು ದೀದಿಗೆ ಹಿಂದಿಯಲ್ಲಿ ಹೇಳಿದೆ. ದೀದಿ ಚಪ್ಪಾಳೆ ತಟ್ಟಿಬಿಟ್ಟರು; ಅತ್ತೆ ಅವರಿಗೆ ಆಗಲೇ ಮಾಶೀಮಾ, ಅಂದರೆ ಚಿಕ್ಕಮ್ಮ, ಆಗಿದ್ದರು. "ಮಾಶೀಮಾಗೆ ಹೇಳು, ನಾನು ಕೆಲಸಕ್ಕೆ ಸೇರಿದಾಗ ನಿಜವಾಗಿಯೂ ಬಡಿಯುತ್ತಿದ್ದವು! ಎಲ್ಲರದೂ ಒಂದೇ ತಂತಿ. ಎರಡು ಮಾತು ಎದುರಾದರೆ ಎರಡೂ ಹಾಳು. ಇಬ್ಬರೂ ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಮಾತಾಡಬೇಕಿತ್ತು. ಆಮೇಲೆ ಸ್ವಿಚ್ ಬಂತು, ಒಬ್ಬೊಬ್ಬರಿಗೆ ಒಂದೊಂದು ದಾರಿ ಆಯಿತು."

ಅತ್ತೆ ತಲೆಯಾಡಿಸಿದರು. "ಶಾಣ್ಯಾ ಪೆಟಿಗಿ," ಎಂದು ಅದರ ಹಣೆಗೆ, ಅಂದರೆ ಹಣೆಯೆಂದು ತಾವು ತಿಳಿದ ಜಾಗಕ್ಕೆ, ಕುಂಕುಮ ಇಟ್ಟರು. ದೀದಿ ತಡೆಯಲಿಲ್ಲ. ಗಾಳಿಯ ಕಿಂಡಿಗೆ ಪುಡಿ ಹೋಗದಂತೆ ಸೆರಗನ್ನು ಮಾತ್ರ ಅಡ್ಡ ಹಿಡಿದರು. ಮೇಲೆ ತಾರಸಿಯಿಂದ ಗಾಳಿಪಟ ಹಾರಿಸುವವರ ಕೂಗು ಕೇಳಿಸುತ್ತಿತ್ತು, ಭೋ ಕಟ್ಟಾ, ಪಟ ಕಡಿಯಿತು ಎಂದು.

ಕೊನೆಗೂ ನಮ್ಮ ಆರ್ಡರಿನ ಸ್ವಿಚ್ಚುಗಳು ಬಂದವು. ಬಂದಾಗ ಹೇಗೆ ಬಂದವೆಂದರೆ, ನಮಗೊಬ್ಬರಿಗೇ ಅಲ್ಲ, ಊರಿಗೆಲ್ಲ ಒಮ್ಮೆಗೇ. ಲಾರಿಯಿಂದ ಇಳಿಸಿದ ರಟ್ಟಿನ ಡಬ್ಬಿಗಳು ಮೆಟ್ಟಿಲುಗಳ ಮೇಲೆಲ್ಲ ಕುಳಿತವು. ಅಷ್ಟು ದಿನ ಸರಕು ಯಾವಾಗ ಎಂದರೆ ಮುಖ ತಪ್ಪಿಸುತ್ತಿದ್ದ ಪ್ರತಿನಿಧಿ ಈಗ ಕರೆಯದೆ ಬಂದು ಕೂರುವರು.

"ಇನ್ನೊಂದಿಷ್ಟು ತಗೊಳ್ಳುತ್ತೀರಾ ಮೇಡಂ? ಬೆಲೆ ಇಳಿಸಿ ಕೊಡುತ್ತೇನೆ."

"ಇದೇನು ಹೀಗೆ?"

"ಕೊರತೆ ಇದ್ದಾಗ ಹೆದರಿದವರೆಲ್ಲ ಒಂದರ ಬದಲು ಎರಡು ಕಡೆ, ಮೂರು ಕಡೆ ಆರ್ಡರ್ ಹಾಕಿದ್ದರು. ಎಲ್ಲ ಕಡೆಯದೂ ಬಂದುಬಿಟ್ಟಿತು. ಈಗ ಎಲ್ಲರ ಗೋದಾಮೂ ತುಂಬಿದೆ, ಯಾರೂ ಹೊಸದು ಕೇಳುತ್ತಿಲ್ಲ. ಹೋದ ವರ್ಷ ಗಿರಾಕಿಗಳನ್ನು ಕಂಡು ನಾನು ಓಡುತ್ತಿದ್ದೆ. ಈಗ ನನ್ನನ್ನು ಕಂಡು ಅವರು ಓಡುತ್ತಾರೆ."

ಆತ ನಗುತ್ತಲೇ ಹೇಳಿದರೂ ಕಣ್ಣ ಕೆಳಗೆ ಕಪ್ಪಾಗಿತ್ತು. ಜಗತ್ತಿನ ಭಯವೊಂದು ಸರಕಾಗಿ ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತಿತ್ತು. ಯಾವ ಒಬ್ಬ ಮನುಷ್ಯನೂ ನಿರ್ಧರಿಸದೆ ಎಲ್ಲರೂ ಕೂಡಿ ಒಂದು ಬರವನ್ನೂ ಒಂದು ನೆರೆಯನ್ನೂ ತಂದಿದ್ದರು.

ದೀದಿ ತಮ್ಮ ಸೇವೆಯ ಕೊನೆಯ ತಿಂಗಳುಗಳನ್ನೆಲ್ಲ ಹೊಸ ಉಪಕರಣಗಳನ್ನು ಕೂಡಿಸುವುದರಲ್ಲೇ ಕಳೆದರು. ಮಹಡಿಯಿಂದ ಮಹಡಿಗೆ ಗಾಜಿನ ಎಳೆಯ ಕೇಬಲ್ ಹಾಕಿಸಿದರು. ಬೀಳ್ಕೊಡುಗೆಯ ದಿನ ಭಾಷಣ ಮಾಡಿ ಎಂದರೆ ಎದ್ದು ನಿಂತು, "ಎಲ್ಲ ಮಹಡಿಯೂ ನಡೆಯುತ್ತಿದೆ," ಎಂದು ಹೇಳಿ ಕೂತುಬಿಟ್ಟರು. ನಾವು ಬಹಳ ಹೊತ್ತು ಚಪ್ಪಾಳೆ ತಟ್ಟಿದೆವು.

ಅದಾದ ಮೇಲಿನ ಚಳಿಗಾಲದಲ್ಲಿ ಪ್ರತಿನಿಧಿ ಫೋನ್ ಮಾಡಿದರು. ಕಂಪನಿ ಅವರನ್ನು ಬೇರೆ ಕೆಲಸಕ್ಕೆ ಹಾಕಿತ್ತು, ದತ್ತಾಂಶ ಕೇಂದ್ರಗಳಿಗೆ ದೊಡ್ಡ ಯಂತ್ರ ಮಾರುವುದಕ್ಕೆ. "ನೀವಿಬ್ಬರೂ ಒಮ್ಮೆ ಬಂದು ನೋಡಲೇಬೇಕು. ನಾನು ಬರೀ ಮಾತಲ್ಲಿ ಹೇಳಿದರೆ ನಂಬುವುದಿಲ್ಲ." ಅನುಮತಿ ತಂದು, ನನ್ನನ್ನೂ ದೀದಿಯನ್ನೂ ನ್ಯೂಟೌನ್ ಕಡೆಯ ಒಂದು ಕಟ್ಟಡಕ್ಕೆ ಕರೆದೊಯ್ದರು. ಹೊರಗಿನಿಂದ ಕಿಟಕಿಗಳೇ ಇಲ್ಲದ ಬಿಳಿ ಡಬ್ಬಿ. ಅಲ್ಲಿ ಕೊಟ್ಟ ಹೊದಿಕೆಯನ್ನು ಚಪ್ಪಲಿಗೆ ಸಿಕ್ಕಿಸಿಕೊಂಡು ಒಳಗೆ ಹೋದೆವು.

ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ಜಲಪಾತದ ಹಿಂದೆ ನಿಂತ ಹಾಗೆ. ಎರಡೂ ಬದಿ ಮನುಷ್ಯನಿಗಿಂತ ಎತ್ತರದ ಕಪಾಟುಗಳು ಕಣ್ಣು ಹಾಯುವವರೆಗೆ ಸಾಲಾಗಿದ್ದವು. ಒಂದು ಓಣಿಯಲ್ಲಿ ಡಾರ್ಜೀಲಿಂಗಿನ ಚಳಿ, ಪಕ್ಕದ ಓಣಿಯಲ್ಲಿ ಚೈತ್ರದ ಬಿಸಿಲು. ಮೇಲೆ ಹಳದಿ ತೊಟ್ಟಿಗಳಲ್ಲಿ ಗಾಜಿನ ಎಳೆಗಳು ನದಿಯಂತೆ ಹರಿದಿದ್ದವು. ಪ್ರತಿನಿಧಿ ಒಂದು ಕಪಾಟಿನ ಬಾಗಿಲು ತೆರೆಸಿ, ಚಪ್ಪಟೆಯಾದ ಒಂದು ಯಂತ್ರ ತೋರಿಸಿದರು. ನಮ್ಮ ಕಚೇರಿಯದಕ್ಕಿಂತ ಎಷ್ಟೋ ದೊಡ್ಡದಾಗಿರುತ್ತದೆ ಎಂದುಕೊಂಡಿದ್ದೆ; ಹಾಗೇನಿರಲಿಲ್ಲ. ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಬಹುದೇನೋ ಎನ್ನುವಂತಿತ್ತು.

"ದೀದಿ, ನಿಮ್ಮ ಇಡೀ ಸೇವೆಯಲ್ಲಿ ಆ ಕಟ್ಟಡದ ಎಲ್ಲ ಸ್ವಿಚ್ಚುಗಳಲ್ಲಿ ಹಾದುಹೋದದ್ದನ್ನು ಇದು ಚಹಾ ಕುಡಿಯುವಷ್ಟರಲ್ಲಿ ದಾಟಿಸಿಬಿಡುತ್ತದೆ," ಎಂದರು ಪ್ರತಿನಿಧಿ, ಕಿವಿಯ ಹತ್ತಿರ ಕೂಗಿ.

ದೀದಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ಅವರ ತುಟಿಗಳ ಚಲನೆಯಿಂದ ಗೊತ್ತಾಗುತ್ತಿತ್ತು. ಹಾಕಿ ಮುಗಿಸಿ, ಗೋಡೆಗೆ ಒರಗಿ ನಿಂತರು. "ಹೌದು," ಎಂದರು. ಆಮೇಲೆ ಕೇಳಿದರು, "ಇಷ್ಟೊಂದು ಏನು ಮಾತಾಡುತ್ತವೆ?"

"ಜನರ ಮಾತಲ್ಲ. ಈ ಕಪಾಟುಗಳಲ್ಲಿರುವ ಯಂತ್ರಗಳು ಕೂಡಿ ಕಲಿಯುತ್ತಿವೆ. ಕೃತಕ ಬುದ್ಧಿಮತ್ತೆ. ಒಂದು ಯಂತ್ರ ತನ್ನ ಪಾಲಿನ ಲೆಕ್ಕ ಮಾಡಿ ಮಿಕ್ಕವಕ್ಕೆಲ್ಲ ತಿಳಿಸಬೇಕು. ಒಂದರ ಉತ್ತರ ತಡವಾದರೆ ಎಲ್ಲವೂ ಕಾಯುತ್ತ ನಿಲ್ಲುತ್ತವೆ. ಅದಕ್ಕೇ ಇಂಥ ದಾರಿ. ಈಗ ಜಗತ್ತಿನ ಮಾರುಕಟ್ಟೆಯೆಲ್ಲ ಇದರ ಹಿಂದೆ ಓಡುತ್ತಿದೆ. ಬೆರಳೆಣಿಕೆಯ ಕಂಪನಿಗಳು ಕಾರ್ಖಾನೆಗಳನ್ನೇ ಮುಂಗಡವಾಗಿ ಹಿಡಿದಿಟ್ಟುಕೊಂಡಿವೆ. ನಿಮ್ಮ ಕಚೇರಿಯಂಥವರ ಸಣ್ಣ ಪೆಟ್ಟಿಗೆಗೆ ಯಾರಿಗೂ ಪುರಸೊತ್ತಿಲ್ಲ."

ದೀದಿ ಬಹಳ ಹೊತ್ತು ಆ ಹಳದಿ ತೊಟ್ಟಿಗಳನ್ನು ನೋಡಿದರು. ಅವರ ಮುಖದಲ್ಲಿ ದುಃಖ ಇರಬಹುದೆಂದು ನಾನು ಹುಡುಕಿದೆ. ಇರಲಿಲ್ಲ. ಮಗು ಮೊದಲ ಸಲ ಸಮುದ್ರ ನೋಡಿದಂಥ ಮುಖ. "ಇಷ್ಟು ದೊಡ್ಡ ಹೆದ್ದಾರಿ," ಎಂದರು, "ಅದರ ಮೇಲೆ ಒಬ್ಬ ಮನುಷ್ಯನೂ ನಡೆಯುತ್ತಿಲ್ಲ. ಕಟ್ಟಿದವರು ಮಾತ್ರ ನಾವೇ."

ಹೊರಗೆ ಬಂದಾಗ ಚಳಿಗಾಲದ ಬಿಸಿಲು ಕಣ್ಣಿಗೆ ಹೊಡೆಯಿತು. ಬೈಪಾಸಿನಲ್ಲಿ ಕಾರು ನಿಧಾನವಾಗಿ ಸಾಗುತ್ತಿರುವಾಗ ದೀದಿ ಇದ್ದಕ್ಕಿದ್ದಂತೆ ಹೇಳಿದರು, "ನಾನು ಮನೆಯಲ್ಲಿ ಕೂರುವುದಿಲ್ಲ. ಬೆಳಕಿನ ವಿದ್ಯೆ ನನಗೆ ಅರ್ಧ ಮಾತ್ರ ಗೊತ್ತು. ಓದಬೇಕು." ಹಾಗೆಯೇ ಮಾಡಿದರು. ವಿಶ್ವವಿದ್ಯಾಲಯವೊಂದರ ಸಂಜೆಯ ತರಗತಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಕುಳಿತು ಗಾಜಿನ ಎಳೆಯೊಳಗೆ ಬೆಳಕು ಹೇಗೆ ಬಾಗುತ್ತದೆ ಎಂದು ಕಲಿತರು. ಆಮೇಲೆ ಹೆಣ್ಣುಮಕ್ಕಳ ಒಂದು ಪಾಲಿಟೆಕ್ನಿಕ್‌ನಲ್ಲಿ ವಾರಕ್ಕೊಮ್ಮೆ ಪಾಠ ಹೇಳಲು ಹೋಗತೊಡಗಿದರು.

ಹೋದ ತಿಂಗಳು ನನ್ನನ್ನು ಅಲ್ಲಿಗೆ ಕರೆದರು. "ನಾನು ತಂತಿ ಹೇಳಿಕೊಡುತ್ತೇನೆ. ನೀನು ಬಂದು ಇದೆಲ್ಲ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಹೇಳು." ಹೋದೆ. ನನ್ನ ಮುರುಕು ಬಂಗಾಳಿಗೆ ಹುಡುಗಿಯರು ಮೊದಲು ನಕ್ಕರು, ಆಮೇಲೆ ನಗುವುದನ್ನು ಮರೆತರು. ಒಂದು ದ್ವೀಪದಲ್ಲಿ ಮಳೆ ತಪ್ಪಿದ್ದು, ಹಡಗುಗಳು ಲಂಗರು ಹಾಕಿದ್ದು, ಒಂದೇ ಯಂತ್ರ ಎರಡು ದೇಶಗಳ ನಡುವೆ ಹೋಗಿ ಬಂದದ್ದು, ಎಲ್ಲ ಹೇಳಿದೆ. ಮುಂದಿನ ಬೆಂಚಿನ ಒಬ್ಬಳು ಕೈ ಎತ್ತಿದಳು.

"ಮೇಡಂ, ನಾವು ಕೆಲಸಕ್ಕೆ ಸೇರುವಾಗ ಯಾವುದು ನಡೆಯುತ್ತಿರುತ್ತದೆ? ಈಗ ಕಲಿಯುವುದು ಆಗ ಇರುತ್ತದಾ?"

ನಾನು ದೀದಿಯ ಮುಖ ನೋಡಿದೆ. ಅವರು ನನ್ನದನ್ನು ನೋಡಿದರು.

"ಗೊತ್ತಿಲ್ಲ," ಎಂದೆ. "ಇಷ್ಟು ವರ್ಷದಲ್ಲಿ ಮುಂದೇನೆಂದು ಹೇಳಿದವರಲ್ಲಿ ಯಾರ ಮಾತೂ ಪೂರ್ತಿ ಸರಿಯಾದದ್ದು ನಾನು ಕಂಡಿಲ್ಲ."

ಹುಡುಗಿ ಬೇಸರಪಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ಅರಳಿತು. ದೀದಿ ಕೈಚೀಲದಿಂದ ಹೆಬ್ಬೆರಳಿನಷ್ಟಿದ್ದ ಒಂದು ಲೋಹದ ತುಂಡು ತೆಗೆದು ಅವಳ ಅಂಗೈಯಲ್ಲಿಟ್ಟರು. ವಿದ್ಯುತ್ತನ್ನು ಬೆಳಕಾಗಿಸಿ ಗಾಜಿನ ಎಳೆಗೆ ದಾಟಿಸುವ ಹೊಸ ಉಪಕರಣ, ಆ ದತ್ತಾಂಶ ಕೇಂದ್ರದಲ್ಲಿ ಕೆಟ್ಟುಹೋದದ್ದನ್ನು ಪ್ರತಿನಿಧಿ ಕೇಳಿ ತಂದುಕೊಟ್ಟಿದ್ದರಂತೆ. ಹುಡುಗಿ ಅದನ್ನು ತಿರುಗಿಸಿ ನೋಡಿ, ಪಕ್ಕದವಳಿಗೆ ಕೊಟ್ಟಳು. ಅದು ಬೆಂಚಿನಿಂದ ಬೆಂಚಿಗೆ ಹೋಗತೊಡಗಿತು. ಕೊನೆಯ ಬೆಂಚಿನವರು ತಮ್ಮ ಸರದಿಗೆ ಕಾಯಲಾರದೆ ಎದ್ದು ನಿಂತಿದ್ದರು.